ಸನ್ಯಾಸಿ ಏಡಿ ಯಾವ ಜಾತಿ? ಬಣ್ಣ ಬಿಡಿ, ಕಣ್ಣು ಮತ್ತು ಎಡಗೈ ನೋಡಿ

ಹೋದ ವರ್ಷ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಮಗ ಮುರುಡೇಶ್ವರ ನೋಡಿಕೊಂಡು ಬಂದ. ತುಮಕೂರಿನ ನಮ್ಮ ಮನೆಗೆ ಬಂದವನೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಒಳಗೆ ಒದ್ದೆ ಮರಳು, ಮೇಲೆ ಮೂರು ಪುಟ್ಟ ಶಂಖ, ಶಂಖದೊಳಗೆ ಏಡಿ. "ಚಿಕ್ಕಮ್ಮ, ಇವು ನೆಲದ ಮೇಲೆ ಬದುಕೋ ಸನ್ಯಾಸಿ ಏಡಿ. ವಿಡಿಯೋದಲ್ಲಿ ನೋಡಿದೀನಿ. ಮರಳು, ಸ್ವಲ್ಪ ನೀರು ಇದ್ರೆ ಸಾಕು" ಅಂದ. ನಾನೂ ನಂಬಿದೆ. ಮೂರನೇ ದಿನ ಬೆಳಗ್ಗೆ ನೋಡಿದರೆ ಮೂರೂ ಸತ್ತಿದ್ದವು. ಅವು ನೆಲದ ಏಡಿಗಳೇ ಅಲ್ಲ, ಸಮುದ್ರದ ನೀರಿನಲ್ಲಿ ಉಸಿರಾಡುವ ಏಡಿಗಳು. ಆ ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಅದು ಈಗಲೂ ಚುಚ್ಚುತ್ತದೆ. ಎರಡು ನಿಮಿಷ ಹತ್ತಿರದಿಂದ ನೋಡಿದ್ದರೆ ಗೊತ್ತಾಗುತ್ತಿತ್ತು.

ಆಮೇಲೆ ನಾನು ಖಾಲಿ ಶಂಖವನ್ನೇ ಮನೆ ಮಾಡಿಕೊಂಡು ಬದುಕುವ ಈ ಏಡಿಗಳ ಬೆನ್ನು ಹತ್ತಿದೆ. ಈಗ ನಮ್ಮ ಮನೆಯಲ್ಲಿ ನಾಲ್ಕು ಇವೆ. ನಾಲ್ಕೂ ಬೇರೆಯವರು ಆಸೆಪಟ್ಟು ತಂದು, ಸಾಕಲು ಆಗದೆ ಕೊಟ್ಟವು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಪರಿಚಯದವರೂ ಫೋಟೋ ಕಳಿಸಿ ಕೇಳುತ್ತಾರೆ: ಇದು ಯಾವ ಜಾತಿ? ಫೋಟೋ ಜೊತೆಗೆ ಯಾವಾಗಲೂ ಒಂದು ಸಾಲು ಇರುತ್ತದೆ: "ಬಣ್ಣ ನೇರಳೆ ಇದೆ", "ಬಣ್ಣ ಕಂದು ಇದೆ". ಅಲ್ಲೇ ಎಡವುವುದು. ಒಂದೇ ಜಾತಿಯ ಏಡಿ ಬೂದು ಇರಬಹುದು, ಹಸಿರು ಇರಬಹುದು, ನೀಲಿ ಇರಬಹುದು. ಪೊರೆ ಬಿಟ್ಟು ಬಂದ ಮೇಲೆ ಅದೇ ಏಡಿ ಬೇರೆ ಬಣ್ಣದಲ್ಲಿ ಕಾಣಬಹುದು. ಆದ್ದರಿಂದ ಬಣ್ಣ ಕೊನೆಗೆ ನೋಡಿ. ಮೊದಲು ಕಣ್ಣು, ಆಮೇಲೆ ಎಡಗೈ (ಅಂದರೆ ಎಡ ಇಕ್ಕಳ), ಆಮೇಲೆ ಮೀಸೆ.

ಜಾತಿ ತಿಳಿದು ಏನಾಗಬೇಕು ಅಂತ ಕೇಳುವವರೂ ಇದ್ದಾರೆ. ಬೇಕು. ಯಾವ ಬಾಯಿಯ ಶಂಖ ಕೊಡಬೇಕು, ಎಷ್ಟು ದೊಡ್ಡ ತೊಟ್ಟಿ ಬೇಕು, ಉಪ್ಪುನೀರಿನ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿರಬೇಕು, ಇವೆಲ್ಲ ಜಾತಿಯ ಮೇಲೆ ನಿಂತಿವೆ. ಒಂದು ಜಾತಿಯನ್ನಂತೂ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಅದಕ್ಕೆ ಆಮೇಲೆ ಬರುತ್ತೇನೆ.

ನೆಲದ್ದೋ, ಸಮುದ್ರದ್ದೋ?

ನಮ್ಮ ಮೂರು ಜಿಲ್ಲೆಗಳಿಂದ ಸಮುದ್ರ ದೂರ. ಎತ್ತ ಹೊರಟರೂ ನಾಲ್ಕೈದು ಗಂಟೆಗೆ ಕಡಿಮೆ ದಾರಿಯಿಲ್ಲ. ಹಾಗಾಗಿ ನಮ್ಮ ಕಡೆ ಮನೆಗೆ ಬರುವ ಸನ್ಯಾಸಿ ಏಡಿ ಎರಡೇ ದಾರಿಯಲ್ಲಿ ಬರುತ್ತದೆ. ಒಂದು, ಪ್ರವಾಸಕ್ಕೆ ಹೋದವರು ಹಿಡಿದು ತಂದದ್ದು. ಇನ್ನೊಂದು, ಬೆಂಗಳೂರಿನಿಂದ ಕೊಂಡು ತಂದದ್ದು. ಹಿಡಿದು ತಂದದ್ದಾದರೆ ಅದು ಸಮುದ್ರದ ಏಡಿ ಆಗಿರುವ ಸಾಧ್ಯತೆಯೇ ಜಾಸ್ತಿ. ಮಲ್ಪೆ, ಗೋಕರ್ಣ, ಮುರುಡೇಶ್ವರದ ಕಡೆ ಇಳಿತದ ಹೊತ್ತಿಗೆ ಬಂಡೆ ಸಂದಿಯ ಹೊಂಡಗಳಲ್ಲಿ ಓಡಾಡುವ ಪುಟ್ಟ ಶಂಖಗಳೆಲ್ಲ ಹೆಚ್ಚಾಗಿ ಅವೇ. ಕ್ಲಿಬನೇರಿಯಸ್, ಡಯೋಜಿನಿಸ್ ಎಂಬ ಕುಲದವು ಅಲ್ಲಿ ಸಾಮಾನ್ಯ.

ಹೇಗೆ ಹೇಳುವುದು? ಮೊದಲು ಮೀಸೆ ನೋಡಿ. ಎಲ್ಲ ಸನ್ಯಾಸಿ ಏಡಿಗೂ ಎರಡು ಜೊತೆ ಮೀಸೆ ಇರುತ್ತವೆ. ಒಂದು ಜೊತೆ ಉದ್ದ, ಇನ್ನೊಂದು ಜೊತೆ ಗಿಡ್ಡ. ನೆಲದ ಏಡಿಯ ಗಿಡ್ಡ ಮೀಸೆ ಮೊಣಕೈ ಹಾಗೆ ಬಾಗಿರುತ್ತದೆ. ತುದಿ ಚೂಪಾಗಿರುವುದಿಲ್ಲ, ಕತ್ತರಿಸಿದ ಹಾಗೆ ಮೊಂಡಾಗಿ ಕೆಳಗೆ ಇಳಿದಿರುತ್ತದೆ. ಅದನ್ನು ಮೇಲೆ ಕೆಳಗೆ ಆಡಿಸುತ್ತಾ ಗಾಳಿಯ ವಾಸನೆ ಹಿಡಿಯುತ್ತದೆ. ಸಮುದ್ರದ ಏಡಿಯ ಗಿಡ್ಡ ಮೀಸೆ ತೀರಾ ಸಣ್ಣದು, ತೆಳ್ಳಗಿರುತ್ತದೆ. ನೀರಿನಲ್ಲಿ ಪಟಪಟ ಅಂತ ಅಲುಗುತ್ತಿರುತ್ತದೆ, ಒಣ ಜಾಗದಲ್ಲಿ ಮುದುರಿಕೊಳ್ಳುತ್ತದೆ.

ಎರಡನೆಯದು ಕಣ್ಣಿನ ದಂಟು. ಸಮುದ್ರದ್ದಕ್ಕೆ ತೆಳ್ಳನೆಯ ದುಂಡು ಕಡ್ಡಿ, ತುದಿಯಲ್ಲಿ ಪುಟ್ಟ ದುಂಡು ಕಣ್ಣು, ಗುಂಡುಸೂಜಿಯ ತಲೆ ಇದ್ದ ಹಾಗೆ. ನೆಲದ್ದಕ್ಕೆ ದಂಟು ದಪ್ಪ. ಎರಡು ಕಣ್ಣೂ ಒಂದಕ್ಕೊಂದು ಅಂಟಿಕೊಂಡ ಹಾಗೆ ಹತ್ತಿರ ಇರುತ್ತವೆ.

ಮೂರನೆಯದು ಎರಡು ಇಕ್ಕಳದ ಅಳತೆ. ನೆಲದ ಏಡಿಯ ಎಡ ಇಕ್ಕಳ ಬಲದ್ದಕ್ಕಿಂತ ದೊಡ್ಡದು. ಒಳಗೆ ಸರಿದುಕೊಂಡಾಗ ಅದೇ ಬಾಗಿಲು. ಕ್ಲಿಬನೇರಿಯಸ್ ಕುಲದವಕ್ಕೆ ಎರಡೂ ಇಕ್ಕಳ ಹೆಚ್ಚುಕಡಿಮೆ ಒಂದೇ ಅಳತೆ, ಕಾಲಿನ ಮೇಲೆ ಉದ್ದುದ್ದ ಪಟ್ಟೆ ಇರುವುದೂ ಉಂಟು. ಇದೊಂದನ್ನೇ ನಂಬಬೇಡಿ. ಡಯೋಜಿನಿಸ್ ಕುಲದವಕ್ಕೂ ಎಡಗೈಯೇ ದೊಡ್ಡದು. ಮೀಸೆ, ಕಣ್ಣು, ಕೈ ಮೂರೂ ಒಂದೇ ಉತ್ತರ ಹೇಳಿದರೆ ಮಾತ್ರ ನಂಬಿ.

ನಡಿಗೆಯೂ ಹೇಳುತ್ತದೆ. ನೆಲದ ಏಡಿ ಶಂಖವನ್ನು ಎತ್ತಿ ಹೊತ್ತುಕೊಂಡು ನಡೆಯುತ್ತದೆ, ಗೋಡೆ ಸಿಕ್ಕರೆ ಹತ್ತಲು ನೋಡುತ್ತದೆ. ಸಮುದ್ರದ್ದು ಒಣ ನೆಲದಲ್ಲಿ ಶಂಖವನ್ನು ಎಳೆದುಕೊಂಡು ಹೋಗುತ್ತದೆ, ಬೇಗ ಸೋಲುತ್ತದೆ. ನೀರಿಗೆ ಮುಳುಗಿಸಿ ಪರೀಕ್ಷೆ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ನೆಲದ ಏಡಿ ನೀರಿನಲ್ಲಿ ಮುಳುಗಿ ಸಾಯುತ್ತದೆ.

ಸಮುದ್ರದ್ದು ಅಂತ ಗೊತ್ತಾದರೆ? ನೀವು ಇನ್ನೂ ಕಡಲ ಊರಿನಲ್ಲೇ ಇದ್ದರೆ ಹಿಡಿದ ಜಾಗಕ್ಕೇ ಬಿಟ್ಟುಬಿಡಿ. ಮನೆಗೆ ಬಂದಾಗಿದ್ದರೆ ಸಮುದ್ರದ ಉಪ್ಪಿನ ಅಕ್ವೇರಿಯಂ, ಫಿಲ್ಟರ್, ಗಾಳಿ ಪಂಪು ಬೇಕು. ಹಾಗೆ ನಡೆಸುತ್ತಿರುವವರು ಯಾರಾದರೂ ಗೊತ್ತಿದ್ದರೆ ಅವತ್ತೇ ಅವರಿಗೆ ಕೊಡಿ. ನಲ್ಲಿ ನೀರಿಗೆ ಅಡಿಗೆ ಉಪ್ಪು ಬೆರೆಸಿ ಬಿಟ್ಟರೆ ಬದುಕುವುದಿಲ್ಲ.

ಈಗ ನೆಲದವು

ನೆಲದ ಸನ್ಯಾಸಿ ಏಡಿಗಳ ಕುಲದ ಹೆಸರು ಸೀನೋಬಿಟಾ. ಲಾಟ್ರೇ ಎಂಬ ಫ್ರೆಂಚ್ ವಿಜ್ಞಾನಿ 1829ರಲ್ಲಿ ಇಟ್ಟ ಹೆಸರು. ಆ ಪದ ನನಗೆ ತುಂಬಾ ಇಷ್ಟ. ಅದು ಕಾಡಿನಲ್ಲಿ ಒಬ್ಬನೇ ಕೂತ ಸನ್ಯಾಸಿಗೆ ಹೇಳುವ ಪದ ಅಲ್ಲ. ಮಠದಲ್ಲಿ ನಾಲ್ಕು ಜನರ ಜೊತೆ ಇರುವ ಸನ್ಯಾಸಿಗೆ ಹೇಳುವ ಪದ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಊಟ ಮಾಡುವುದನ್ನು ಕಂಡ ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಏಡಿಗಳೂ ಹಾಗೇ. ಗುಂಪಿನಲ್ಲಿ ಇರುತ್ತವೆ, ಹಗಲು ಒಂದರ ಮೇಲೊಂದು ಹತ್ತಿ ಮಲಗುತ್ತವೆ. ಒಂದೇ ಒಂದನ್ನು ಡಬ್ಬಿಯಲ್ಲಿ ಇಡುವುದು ಅದಕ್ಕೆ ಒಳ್ಳೆಯದಲ್ಲ.

ಜಾತಿ ನೋಡಲು ಏಡಿಯನ್ನು ಎಳೆಯಬೇಡಿ. ಶಂಖದಿಂದ ಎಳೆದರೆ ಅದು ಬಿಟ್ಟುಕೊಡುವುದಿಲ್ಲ, ಮೈ ಹರಿದುಹೋಗುತ್ತದೆ. ನಾನು ಮಾಡುವುದು ಇಷ್ಟು. ಅಗಲವಾದ ತಟ್ಟೆಗೆ ಒದ್ದೆ ಬಟ್ಟೆ ಹಾಸುತ್ತೇನೆ. ಏಡಿಯನ್ನು ಇಟ್ಟು ರೂಮಿನ ಲೈಟು ಆರಿಸುತ್ತೇನೆ. ಮುಂದೆ ಒಂದು ಚೂರು ತಿಪಟೂರು ಕೊಬ್ಬರಿ. ಹತ್ತು ಹದಿನೈದು ನಿಮಿಷ ಸುಮ್ನೆ ಕೂತರೆ ಅದೇ ಹೊರಗೆ ಬರುತ್ತದೆ. ಆಗ ಫೋನಿನ ಟಾರ್ಚನ್ನು ಮೇಲಿನಿಂದ ಅಲ್ಲ, ಪಕ್ಕದಿಂದ ಹಿಡಿಯಬೇಕು. ಪಕ್ಕದ ಬೆಳಕಿನಲ್ಲಿ ಕೈ ಮೇಲಿನ ಗೆರೆ, ಉಬ್ಬು ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ. ಮುಖ ಒಂದು ಫೋಟೋ, ಎಡಗೈ ಹೊರಮೈ ಒಂದು ಫೋಟೋ. ಸಾಕು.

ಮುಖದ ಫೋಟೋದಲ್ಲಿ ನೋಡಬೇಕಾದ್ದು ಕಣ್ಣಿನ ದಂಟು ದುಂಡಗಿದೆಯೋ, ಎರಡು ಕಡೆಯಿಂದ ಒತ್ತಿದ ಹಾಗೆ ಚಪ್ಪಟೆ ಇದೆಯೋ ಅನ್ನುವುದು. ದುಂಡು ದಂಟು ಇದ್ದರೆ ಕಣ್ಣೂ ದುಂಡಗೆ ಚಿಕ್ಕದಾಗಿ ಕಾಣುತ್ತದೆ. ಚಪ್ಪಟೆ ದಂಟು ಇದ್ದರೆ ಕಣ್ಣು ಉದ್ದವಾಗಿ, ಹುಣಸೆಬೀಜ ನಿಲ್ಲಿಸಿದ ಹಾಗೆ ಕಾಣುತ್ತದೆ. ಕೈಯ ಫೋಟೋದಲ್ಲಿ ನೋಡಬೇಕಾದ್ದು ಹೊಲಿಗೆ. ಎಡ ಇಕ್ಕಳದ ಹೊರಮೈಯಲ್ಲಿ, ಮೇಲ್ಭಾಗಕ್ಕೆ, ಓರೆಯಾಗಿ ಸಾಲಾಗಿ ಪುಟ್ಟ ಪುಟ್ಟ ಉಬ್ಬು ಗೆರೆಗಳು ಇರುತ್ತವೆ. ದಪ್ಪ ದಾರದಲ್ಲಿ ಗೋಣಿಚೀಲ ಹೊಲಿದ ಹಾಗೆ. ಕೆಲವು ಜಾತಿಗೆ ಇದು ಇದೆ, ಕೆಲವಕ್ಕೆ ಇಲ್ಲ. ನನ್ನ ಅನುಭವದಲ್ಲಿ ಅರ್ಧ ಗೊಂದಲ ಈ ಹೊಲಿಗೆಯಲ್ಲೇ ತೀರುತ್ತದೆ.

ಉದ್ದ ಕಣ್ಣು, ಕೈಯಲ್ಲಿ ಹೊಲಿಗೆ: ರುಗೋಸಸ್ ಅಥವಾ ಪರ್ಲಾಟಸ್

ನಮ್ಮ ದೇಶದಲ್ಲಿ ಕೈಗೆ ಸಿಗುವ ಏಡಿಗಳಲ್ಲಿ ರುಗೋಸಸ್ ಸಾಮಾನ್ಯ. ಆಫ್ರಿಕಾದ ಪೂರ್ವ ಕರಾವಳಿಯಿಂದ ಪೆಸಿಫಿಕ್ ದ್ವೀಪಗಳವರೆಗೆ ಹರಡಿರುವ ಜಾತಿ. ನಮ್ಮ ಕಡಲಂಚಿನಲ್ಲೂ ಇದೆ. ಹೆಸರಿನ ಅರ್ಥ ಸುಕ್ಕು ಸುಕ್ಕಾದದ್ದು ಅಂತ. ಬಣ್ಣಕ್ಕೆ ಇದನ್ನು ಮೀರಿಸಿದ್ದಿಲ್ಲ. ಮರಳಿನ ಬಣ್ಣ, ಬೂದು, ತಿಳಿ ಹಸಿರು, ನೀಲಿ, ಗುಲಾಬಿ, ಬಹುತೇಕ ಬಿಳಿ, ಎಲ್ಲದರಲ್ಲೂ ಬರುತ್ತದೆ. ಬಣ್ಣ ನೋಡಿ ಜಾತಿ ಹೇಳುವವರು ಇದನ್ನು ನಾಲ್ಕು ಬೇರೆ ಜಾತಿ ಅಂತ ಹೇಳಿಬಿಡುತ್ತಾರೆ. ಹೊಲಿಗೆ ಮಾತ್ರ ಎಲ್ಲದರಲ್ಲೂ ಇರುತ್ತದೆ. ರಾತ್ರಿ ಕಿರ್ ಕಿರ್ ಅಂತ ಸದ್ದೂ ಮಾಡುತ್ತದೆ. ಜಪಾನಿನವರು ಇದಕ್ಕೆ 'ಅಳುವ ನೆಲದ ಸನ್ಯಾಸಿ ಏಡಿ' ಅಂತಲೇ ಹೆಸರಿಟ್ಟಿದ್ದಾರೆ. ಆ ದೇಶದಲ್ಲಿ ನೆಲದ ಸನ್ಯಾಸಿ ಏಡಿಗಳಿಗೆ 1970ರಿಂದ ರಾಷ್ಟ್ರೀಯ ನೈಸರ್ಗಿಕ ಸ್ಮಾರಕದ ರಕ್ಷಣೆ ಇದೆ. ಇಷ್ಟು ಸಣ್ಣ ಜೀವಕ್ಕೆ ಅಂಥ ಗೌರವ ಸಿಕ್ಕಿದ್ದು ಓದಿದಾಗ ನನಗೆ ಖುಷಿಯಾಯಿತು.

ಪರ್ಲಾಟಸ್ ಬೆಳೆದ ಮೇಲೆ ಯಾರೂ ತಪ್ಪಲಾರರು. ಕೆಂಪು ಮೈ, ಅದರ ಮೇಲೆಲ್ಲ ಮುತ್ತು ಚೆಲ್ಲಿದ ಹಾಗೆ ಬಿಳಿ ಕಾಳು. ಹೆಸರಿನಲ್ಲೇ ಮುತ್ತು ಇದೆ. ಇಂಗ್ಲಿಷ್‌ನಲ್ಲಿ ಇದನ್ನು ಸ್ಟ್ರಾಬೆರಿ ಏಡಿ ಅನ್ನುತ್ತಾರೆ. ತೊಂದರೆ ಮರಿಗಳದ್ದು. ಮರಿ ಪರ್ಲಾಟಸ್ ಕೆಂಪಗಿರುವುದಿಲ್ಲ. ಬಿಳಿಚಿಕೊಂಡ ಬೂದು ಬಣ್ಣ. ಕಣ್ಣು ಉದ್ದ, ಕೈಯಲ್ಲಿ ಹೊಲಿಗೆ, ಎರಡೂ ರುಗೋಸಸ್ ಹಾಗೇ. ಆಗ ಕಾಲಿನ ಮೇಲೆ ಬಿಳಿ ಕಾಳು ಇದೆಯಾ ನೋಡಿ, ಮೀಸೆ ಕೆಂಪು ಛಾಯೆಯಲ್ಲಿದೆಯಾ ನೋಡಿ. ಆಗಲೂ ಖಚಿತ ಆಗದಿದ್ದರೆ ಒಂದೆರಡು ಸಲ ಪೊರೆ ಬಿಡುವವರೆಗೆ ಕಾಯಿರಿ. ಬೆಳೆದಂತೆ ಗುಲಾಬಿ, ಆಮೇಲೆ ಕೆಂಪು ಏರುತ್ತದೆ.

ಎರಡರಲ್ಲಿ ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಮೊದಲ ಸಲ ಸಾಕುವವರು ಪರ್ಲಾಟಸ್ ತೆಗೆದುಕೊಳ್ಳಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ನೋಡಲು ಅಷ್ಟು ಚೆಂದ, ಸಾಕಲು ಅಷ್ಟೇ ಕಷ್ಟ. ಸಮುದ್ರದ ಉಪ್ಪುನೀರು ಸ್ವಲ್ಪ ಹೆಚ್ಚುಕಡಿಮೆಯಾದರೂ, ಊಟದಲ್ಲಿ ಬಣ್ಣ ಕೊಡುವ ಪದಾರ್ಥ ಕಡಿಮೆಯಾದರೂ ಸೊರಗುತ್ತದೆ, ಕೆಂಪು ಮಾಸುತ್ತದೆ. ರುಗೋಸಸ್ ಅದಕ್ಕಿಂತ ಗಟ್ಟಿ. ಅದಕ್ಕೂ ಉಪ್ಪುನೀರು ಬೇಕೇ ಬೇಕು, ಆದರೆ ಕಲಿಯುವವರ ಒಂದು ತಪ್ಪನ್ನು ತಡೆದುಕೊಳ್ಳುತ್ತದೆ.

ಉದ್ದ ಕಣ್ಣು, ಹೊಲಿಗೆ ಇಲ್ಲ: ಕೇವಿಪೆಸ್

ನನ್ನ ಹತ್ತಿರ ಇರುವ ನಾಲ್ಕರಲ್ಲಿ ಎರಡು ಇವು. ಕಣ್ಣು ಉದ್ದ, ಕಪ್ಪಗೆ. ಮೀಸೆ ಕಿತ್ತಳೆ ಕೆಂಪು. ಮರಿ ಇದ್ದಾಗ ಮೈ ತಿಳಿ ಕಂದು, ಬೆಳೆದಂತೆ ಗಾಢ ಕಂದು, ಬೂದು, ಕೆಲವು ನೀಲಿಗಪ್ಪು. ಟಾರ್ಚನ್ನು ಪಕ್ಕದಿಂದ ಹಿಡಿದರೂ ಎಡಗೈಯಲ್ಲಿ ಹೊಲಿಗೆ ಸಾಲು ಕಾಣುವುದಿಲ್ಲ. ಕಂದು ಬಣ್ಣದ ರುಗೋಸಸ್ ಪಕ್ಕ ಇಟ್ಟರೆ ದೂರದಿಂದ ಅಣ್ಣತಮ್ಮ ಅನಿಸುತ್ತವೆ. ಕೈ ನೋಡಿದ ತಕ್ಷಣ ಬೇರೆ ಮನೆಯವು ಅಂತ ಗೊತ್ತಾಗುತ್ತದೆ.

ಒಂದು ಸಮಾಧಾನದ ಮಾತು. ಈ ಜಾತಿಯನ್ನು ವಿವರಿಸಿದ್ದು 1858ರಲ್ಲಿ. ಅಲ್ಲಿಂದ ಒಂದೂವರೆ ಶತಮಾನ ಸಿಂಗಾಪುರ, ಮಲೇಷ್ಯಾ, ಇಂಡೊನೇಷ್ಯಾದ ಇನ್ನೊಂದು ಏಡಿಯನ್ನೂ ಕೇವಿಪೆಸ್ ಅಂತಲೇ ಅಂದುಕೊಂಡಿದ್ದರು. 2016ರಲ್ಲಿ ಅದು ಬೇರೆ ಜಾತಿ ಅಂತ ತೀರ್ಮಾನವಾಗಿ ಸೀನೋಬಿಟಾ ಲೀಲಾ ಅಂತ ಹೆಸರು ಬಂತು. ಜೀವಮಾನವಿಡೀ ಏಡಿ ನೋಡಿದವರಿಗೇ ಹೀಗಾಗಿದೆ. ಬೆಳೆದ ಮೇಲೆ ನೀಲಿ ನೇರಳೆ ತಿರುಗುವ ವಯೊಲಾಸೆನ್ಸ್ ಎಂಬ ಇನ್ನೊಂದು ಜಾತಿಯನ್ನೂ ಇದರ ಜೊತೆ ಬೆರೆಸುವುದುಂಟು. ಒಳ್ಳೆಯದೇನೆಂದರೆ ಇವುಗಳ ಆರೈಕೆ ಹೆಚ್ಚುಕಡಿಮೆ ಒಂದೇ. ಹಾಗಾಗಿ 'ಕೇವಿಪೆಸ್ ಗುಂಪು' ಅಂತ ಬರೆದುಕೊಂಡರೂ ನಿಮ್ಮ ಏಡಿಗೆ ನಷ್ಟವಿಲ್ಲ.

ದುಂಡು ಕಣ್ಣು, ನೇರಳೆ ಕೈ: ಕ್ಲಿಪಿಯಾಟಸ್ ಅಥವಾ ಬ್ರೆವಿಮಾನಸ್

ಮಾರುವವರು ಜಾಸ್ತಿ ಹೇಳುವ ಮಾತು "ಇದು ಕ್ಯಾರಿಬಿಯನ್" ಅಂತ. ಕ್ಯಾರಿಬಿಯನ್ ಏಡಿ ಅಂದರೆ ಕ್ಲಿಪಿಯಾಟಸ್. ಅದರ ಊರು ಫ್ಲಾರಿಡಾದಿಂದ ವೆನೆಜುವೆಲಾವರೆಗಿನ ಕಡಲಂಚು. ಅಮೆರಿಕದಲ್ಲಿ ಅದೇ ಎಲ್ಲರ ಮನೆಯ ಏಡಿ. ಹಾಗಾಗಿ ಅಂತರ್ಜಾಲದ ಬಹಳಷ್ಟು ವಿಡಿಯೋ, ಫೋಟೋ, ಸಲಹೆ ಅದರದ್ದೇ. ಅದನ್ನು ನೋಡಿ ನಮ್ಮವರು ನೇರಳೆ ಕಂಡರೆ ಕ್ಯಾರಿಬಿಯನ್ ಅಂದುಬಿಡುತ್ತಾರೆ. ಆದರೆ ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಇರುವ ಬ್ರೆವಿಮಾನಸ್‌ನ ಕೈಯೂ ನೇರಳೆಯೇ. ಎರಡಕ್ಕೂ ದಂಟು ದುಂಡು. ಎರಡಕ್ಕೂ ಹೊಲಿಗೆ ಇಲ್ಲ. ಅಷ್ಟರಮಟ್ಟಿಗೆ ಗೊಂದಲ ಸಹಜ ಅಲ್ವಾ?

ಇಲ್ಲಿ ಮಾತ್ರ ಬಣ್ಣ ಕೆಲಸಕ್ಕೆ ಬರುತ್ತದೆ, ಅದೂ ಬಣ್ಣ ಯಾವುದು ಅನ್ನುವುದಕ್ಕಿಂತ ಎಲ್ಲೆಲ್ಲಿದೆ ಅನ್ನುವುದು. ಕ್ಲಿಪಿಯಾಟಸ್‌ನಲ್ಲಿ ನೇರಳೆ ಇರುವುದು ಆ ದೊಡ್ಡ ಇಕ್ಕಳದಲ್ಲಿ. ಕಾಲುಗಳು ಕಿತ್ತಳೆ, ಇಟ್ಟಿಗೆ ಕೆಂಪು ಅಥವಾ ಕಂದು, ಮುಟ್ಟಿದರೆ ಒರಟು. ಕೈ ಒಂದು ಬಣ್ಣ, ಕಾಲು ಇನ್ನೊಂದು ಬಣ್ಣ. ಬ್ರೆವಿಮಾನಸ್ ಬೆಳೆದದ್ದಾದರೆ ಕೈ, ಕಾಲು, ಮೈ ಎಲ್ಲ ಒಂದೇ ಸಮ, ನೇರಳೆ ಹಣ್ಣಿನ ಬಣ್ಣ ಅಥವಾ ನೇರಳೆ ಬೆರೆತ ಕಂದು. ಎಡಗೈ ಮೈಗೆ ಹೋಲಿಸಿದರೆ ತುಂಬಾ ದೊಡ್ಡದು, ಉಬ್ಬಿಕೊಂಡು ನುಣ್ಣಗಿರುತ್ತದೆ. ಸೀನೋಬಿಟಾಗಳಲ್ಲೇ ಭಾರಿ ಗಾತ್ರಕ್ಕೆ ಬೆಳೆಯುವ ಜಾತಿ ಇದು. 200 ಗ್ರಾಂ ದಾಟಿದವೂ ಇವೆ.

ಆ ಗಾತ್ರವನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಇವತ್ತು ಗೋಲಿಯಷ್ಟಿರುವ ಏಡಿ ಮುಂದೆ ಮುಷ್ಟಿಯಷ್ಟಾಗುತ್ತದೆ. ಚೆನ್ನಾಗಿ ಸಾಕಿದ ನೆಲದ ಸನ್ಯಾಸಿ ಏಡಿ 30 ವರ್ಷ ದಾಟಿ ಬದುಕಿದ್ದೂ ಇದೆ. ಐದನೇ ಕ್ಲಾಸಿನ ಮಗುವಿಗೆ ಕೊಡಿಸಿದ ಏಡಿ ಆ ಮಗುವಿನ ಮದುವೆಯಲ್ಲೂ ಇರಬಹುದು.

ಈಕ್ವೆಡಾರ್ ಏಡಿ ಅನ್ನುವ ಕಂಪ್ರೆಸಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕ ಖಂಡದ ಪೆಸಿಫಿಕ್ ಕಡೆಯದ್ದು. ಕಣ್ಣು ತುಂಬಾ ಉದ್ದ, ದಂಟು ತೀರಾ ಚಪ್ಪಟೆ, ಓಟ ಬಲು ಜೋರು. ಆಸ್ಟ್ರೇಲಿಯಾದ ವೇರಿಯಬಿಲಿಸ್ ಆ ಖಂಡ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಕಡೆ ಯಾರಾದರೂ ಈ ಎರಡರ ಹೆಸರು ಹೇಳಿ ದುಬಾರಿ ಬೆಲೆ ಕೇಳಿದರೆ ತಕ್ಷಣ ನಂಬಬೇಡಿ. ಬಣ್ಣ ಬಣ್ಣದ ರುಗೋಸಸ್ ಆಗಿರುವುದೇ ಹೆಚ್ಚು.

ಇಟ್ಟುಕೊಳ್ಳಲೇಬಾರದ್ದು

ತೆಂಗಿನ ಏಡಿ, ಬಿರ್ಗಸ್ ಲಾಟ್ರೋ. ಇದೂ ಇದೇ ಮನೆತನದ್ದು. ನಮ್ಮ ದೇಶದಲ್ಲಿ ನಿಕೋಬಾರ್ ಕಡೆಯ ದ್ವೀಪಗಳಲ್ಲಿದೆ. ಬೆಳೆದರೆ 4 ಕೆಜಿವರೆಗೂ ತೂಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ. ಆಗ ಅದಕ್ಕೆ ಶಂಖ ಬೇಕಾಗುವುದಿಲ್ಲ. ಆದರೆ ಮರಿ ಇದ್ದಾಗ ಇದೂ ಶಂಖ ಹೊತ್ತೇ ತಿರುಗುತ್ತದೆ, ಅದೇ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿರುವ ಪ್ರಾಣಿ ಇದು. "ದ್ವೀಪದ ಅಪರೂಪದ ಏಡಿ" ಅಂತ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ. ಈಗಾಗಲೇ ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕೆಲವು ಶಂಖಗಳೂ ಇದೇ ಕಾಯ್ದೆಯ ಪಟ್ಟಿಯಲ್ಲಿವೆ. ಹಾಗಾಗಿ ಕಂಡ ಕಂಡ ಶಂಖ ಕೊಳ್ಳುವ ಮೊದಲು ಅದರ ಹೆಸರು ಕೇಳಿ.

ಇನ್ನೊಂದು ಮಾತು ಎಲ್ಲ ಜಾತಿಗೂ ಸೇರಿದ್ದು. ಇವುಗಳ ಮರಿ ಸಮುದ್ರದ ನೀರಿನಲ್ಲಿ ತೇಲಿ ಬೆಳೆಯಬೇಕು. ಮನೆಯ ತೊಟ್ಟಿಯಲ್ಲಿ ಮರಿ ಮಾಡಿ ಉಳಿಸುವುದು ಲಕ್ಷಕ್ಕೊಂದು ಮಾತು. ಅಂಗಡಿಯಲ್ಲಿರುವ ಏಡಿ ಎಲ್ಲೋ ಒಂದು ಕಡಲಂಚಿನಿಂದ ಎತ್ತಿ ತಂದದ್ದು ಅಂತಲೇ ಲೆಕ್ಕ. ಅದಕ್ಕೇ ನಾನು ಹೊಸದು ಕೊಳ್ಳುವುದಿಲ್ಲ. ಯಾರಿಗೋ ಬೇಡವಾದದ್ದು ಸಿಕ್ಕರೆ ತರುತ್ತೇನೆ. ನೀವೂ ಮೊದಲು ಹಾಗೆ ಹುಡುಕಿ.

ಜಾತಿ ಗೊತ್ತಾಯಿತು, ಮುಂದೆ?

ಮೊದಲು ಶಂಖ. ಕ್ಲಿಪಿಯಾಟಸ್, ಬ್ರೆವಿಮಾನಸ್‌ಗೆ ದುಂಡು ಬಾಯಿಯ ಶಂಖ ಬೇಕು. ಅಂಗಡಿಯಲ್ಲಿ ಟರ್ಬೋ ಶಂಖ ಅಂತ ಕೇಳಿ. ರುಗೋಸಸ್, ಕಂಪ್ರೆಸಸ್‌ಗೆ ಅರ್ಧಚಂದ್ರದ ಹಾಗಿರುವ ಬಾಯಿ ಇಷ್ಟ. ಕೇವಿಪೆಸ್‌ಗೆ ಎರಡು ಬಗೆಯನ್ನೂ ಇಟ್ಟು ನೋಡಿ, ಅದೇ ಆರಿಸಿಕೊಳ್ಳುತ್ತದೆ. ಒಂದು ಏಡಿಗೆ ಮೂರು ನಾಲ್ಕು ಖಾಲಿ ಶಂಖ, ಈಗಿನದ್ದಕ್ಕಿಂತ ಸ್ವಲ್ಪ ದೊಡ್ಡವು, ಸದಾ ತೊಟ್ಟಿಯಲ್ಲಿರಲಿ. ಇಲ್ಲದಿದ್ದರೆ ಒಂದರ ಮನೆಗೆ ಇನ್ನೊಂದು ಕೈ ಹಾಕುತ್ತದೆ, ಸಾವೂ ಆಗುತ್ತದೆ. ಬಣ್ಣ ಬಳಿದ ಶಂಖ ಬೇಡವೇ ಬೇಡ. ಬಣ್ಣ ಎದ್ದು ಹೊಟ್ಟೆಗೆ ಹೋಗುತ್ತದೆ.

ದೊಡ್ಡ ಬ್ರೆವಿಮಾನಸ್ ಇದ್ದವರಿಗೆ ನಮ್ಮ ಊರಿನಲ್ಲೇ ಒಂದು ದಾರಿಯಿದೆ. ಮಳೆಗಾಲದಲ್ಲಿ ತೆಂಗು, ಅಡಿಕೆ ತೋಟಕ್ಕೆ ನುಗ್ಗುವ ಆಫ್ರಿಕನ್ ದೈತ್ಯ ಬಸವನಹುಳುವಿನ ಖಾಲಿ ಚಿಪ್ಪು. ದ್ವೀಪಗಳಲ್ಲಿ ಕಾಡಿನ ಏಡಿಗಳೂ ಅದನ್ನು ಹೊತ್ತು ತಿರುಗುತ್ತವೆ. ಗ್ಲೌಸ್ ಹಾಕಿಕೊಂಡು ಹೆಕ್ಕಿ, ಚೆನ್ನಾಗಿ ಕುದಿಸಿ, ಒಳಗಿನದ್ದೆಲ್ಲ ತೊಳೆದು ತೆಗೆಯಿರಿ. ಬಸವನಹುಳುವಿಗೆ ವಿಷದ ಗುಳಿಗೆ ಹಾಕಿದ ತೋಟದ್ದಾದರೆ ಮುಟ್ಟಬೇಡಿ.

ನೀರು ನಮ್ಮ ಕಡೆಯ ದೊಡ್ಡ ವಿಷಯ. ಎಲ್ಲ ಜಾತಿಗೂ ಎರಡು ಬಟ್ಟಲು: ಒಂದು ಸಿಹಿನೀರು, ಒಂದು ಸಮುದ್ರದ ಉಪ್ಪುನೀರು. ಏಡಿ ಮುಳುಗಿ ಏಳುವಷ್ಟು ಆಳ, ಹತ್ತಿ ಬರಲು ಒಂದು ಕಲ್ಲು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರು ಗಡುಸು, ಫ್ಲೋರೈಡ್ ಕಾಟ ಬೇರೆ. ಊರಿನ ಶುದ್ಧ ನೀರಿನ ಘಟಕದ ನೀರೇ ಒಳ್ಳೆಯದು. ಅದರ 1 ಲೀಟರಿಗೆ ಸುಮಾರು 35 ಗ್ರಾಂ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪು. ಅಡಿಗೆಯ ಅಯೋಡಿನ್ ಉಪ್ಪು ನಡೆಯುವುದಿಲ್ಲ. ಕಡಲ ಹತ್ತಿರವೇ ಇರುವ ರುಗೋಸಸ್, ಪರ್ಲಾಟಸ್‌ಗೆ ಉಪ್ಪುನೀರಿನ ಬಟ್ಟಲು ಒಂದು ದಿನವೂ ಖಾಲಿ ಇರಬಾರದು.

ತೇವದಲ್ಲಿ ಜಾತಿಭೇದವಿಲ್ಲ. ಇವು ಉಸಿರಾಡುವುದು ಕಿವಿರಿನಲ್ಲೇ, ಅದು ಸದಾ ಒದ್ದೆಯಿರಬೇಕು. ತೊಟ್ಟಿಯ ಒಳಗೆ ತೇವಾಂಶ ಶೇ. 75ರಿಂದ 85, ಬಿಸಿ 24ರಿಂದ 29 ಡಿಗ್ರಿ. ತುಮಕೂರಿನ ಮಾರ್ಚ್ ಮಧ್ಯಾಹ್ನದ ಒಣ ಗಾಳಿಯಲ್ಲಿ ತಂತಿ ಪಂಜರದಲ್ಲಿಟ್ಟ ಏಡಿ ದಿನವೂ ಸ್ವಲ್ಪ ಸ್ವಲ್ಪ ಉಸಿರುಗಟ್ಟುತ್ತಿರುತ್ತದೆ. ಗಾಜಿನ ತೊಟ್ಟಿ, ಮೇಲೆ ಗಾಜಿನ ಮುಚ್ಚಳ, ಒಳಗೆ ತೇವ ಅಳೆಯುವ ಮೀಟರ್, ಇಷ್ಟು ಬೇಕೇ ಬೇಕು. ಚಿಕ್ಕಬಳ್ಳಾಪುರದ ಡಿಸೆಂಬರ್ ರಾತ್ರಿಗೆ ತೊಟ್ಟಿಯ ಹೊರಗೋಡೆಗೆ ಅಂಟಿಸುವ ಹೀಟ್ ಮ್ಯಾಟ್ ಕೂಡ ಬೇಕಾಗುತ್ತದೆ.

ಹಾಸಿಗೆಗೆ ಐದು ಪಾಲು ಮರಳು, ಒಂದು ಪಾಲು ತೆಂಗಿನ ನಾರಿನ ಪುಡಿ. ತೆಂಗಿನ ಸೀಮೆಯಲ್ಲಿ ಇದಕ್ಕೆ ಬರವೇ ಇಲ್ಲ. ಗೊಬ್ಬರ ಬೆರೆಸದ್ದು ಕೇಳಿ ತನ್ನಿ. ಉಪ್ಪುನೀರಿನಲ್ಲಿ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಆಳ ಕನಿಷ್ಠ 6 ಇಂಚು, ಅಥವಾ ದೊಡ್ಡ ಏಡಿಯ ಎತ್ತರದ ಮೂರು ಪಟ್ಟು, ಯಾವುದು ಜಾಸ್ತಿಯೋ ಅದು. ಬ್ರೆವಿಮಾನಸ್‌ಗೆ ಎರಡನೇ ಲೆಕ್ಕವೇ ಬರುತ್ತದೆ. ಪೊರೆ ಬಿಡಲು ಅದರೊಳಗೆ ಹೂತುಕೊಂಡು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಇರುತ್ತದೆ. ಸತ್ತಿದೆ ಅಂತ ಅಗೆದರೆ ನಿಜವಾಗಿಯೂ ಸಾಯುತ್ತದೆ. ಕೆಟ್ಟ ಮೀನಿನ ವಾಸನೆ ಬರುವವರೆಗೂ ಅಗೆಯಬೇಡಿ.

ಊಟದಲ್ಲಿ ಕೊಬ್ಬರಿ, ಉಪ್ಪಿಲ್ಲದ ಒಣಸಿಗಡಿ, ಮೊಟ್ಟೆಯ ಚಿಪ್ಪಿನ ಪುಡಿ, ಕ್ಯಾರೆಟ್, ನುಗ್ಗೆಸೊಪ್ಪು ಎಲ್ಲಕ್ಕೂ ಆಗುತ್ತದೆ. ಶಿಡ್ಲಘಟ್ಟ ಕಡೆಯವರಿಗೆ ಹಿಪ್ಪುನೇರಳೆ ಸೊಪ್ಪು ಕೈಗೆಟುಕುವಲ್ಲೇ ಇದೆ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪನ್ನೇ ಕೇಳಿ. ಔಷಧಿ ಹೊಡೆದ ಸೊಪ್ಪಾದರೆ ಹುಳುವೇ ಉಳಿಯುವುದಿಲ್ಲ, ಹಾಗಾಗಿ ಅದನ್ನು ನಂಬಬಹುದು.

ಕೊನೆಯದಾಗಿ ಗುಂಡನ ಕಥೆ. ಚಿಕ್ಕಬಳ್ಳಾಪುರದ ನನ್ನ ಗೆಳತಿಯ ಮಗಳು ಸಾಕಿದ ಏಡಿ ಅವನು. "ಕ್ಯಾರಿಬಿಯನ್" ಅಂತ ಹೇಳಿ ಮಾರಿದ್ದರು. ಮರಳಿನ ಬಣ್ಣ, ಉದ್ದ ಕಣ್ಣು. ಟಾರ್ಚು ಹಿಡಿದರೆ ಎಡಗೈಯಲ್ಲಿ ಅಚ್ಚುಕಟ್ಟಾದ ಹೊಲಿಗೆ. ರುಗೋಸಸ್ ಅಂತ ಬರೆದುಕೊಂಡು ಫೋಟೋ ತೆಗೆದಿಟ್ಟೆವು. ಪರೀಕ್ಷೆ ಮುಗಿಯುವವರೆಗೆ ನೋಡಿಕೊಳ್ಳಿ ಅಂತ ನನ್ನ ಹತ್ತಿರ ಬಿಟ್ಟಳು. ಬಂದ ವಾರಕ್ಕೇ ಅವನು ಮರಳಿನೊಳಗೆ ಹೋದ. ಏಳು ವಾರ ಸುಳಿವಿಲ್ಲ. ಒಂದು ರಾತ್ರಿ ಹೊರಗೆ ಬಂದಾಗ ಮೈಯೆಲ್ಲ ನೀಲಿ ಬೂದು. ಕರೆದುಕೊಂಡು ಹೋಗಲು ಬಂದ ಹುಡುಗಿ ಮುಖ ಸಣ್ಣ ಮಾಡಿಕೊಂಡು, "ಆಂಟಿ, ಇದು ನನ್ನ ಗುಂಡ ಅಲ್ಲ. ನನ್ನ ಗುಂಡ ಸತ್ತೋದ, ನೀವು ಬೇರೆ ತಂದಿಟ್ಟಿದೀರಾ ಅಲ್ವಾ?" ಅಂದಳು. ನಾನು ಏನೂ ಹೇಳಲಿಲ್ಲ. ಒದ್ದೆ ಬಟ್ಟೆ ಹಾಸಿ, ಲೈಟು ಆರಿಸಿ, ಕೊಬ್ಬರಿ ಚೂರು ಇಟ್ಟು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವನು ಹೊರಗೆ ಬಂದ. ಅವಳೇ ಟಾರ್ಚು ಹಿಡಿದಳು, ಅವಳೇ ಫೋಟೋ ತೆಗೆದಳು. ಹಳೆಯ ಫೋಟೋ ಪಕ್ಕ ಇಟ್ಟು ಬೆರಳಿನಿಂದ ದೊಡ್ಡದು ಮಾಡಿ, ಒಂದೊಂದೇ ಹೊಲಿಗೆ ಎಣಿಸಿದಳು. ಎರಡರಲ್ಲೂ ಏಳು.